ಬೀರಕ್ಕನ ಬುತ್ತಿ

ದರ್ಜಿಯ ಹೆಂಡತಿಯನ್ನು ಬೀದಿಯವರೆಲ್ಲ ಬೀರಕ್ಕ ಎಂದೇ ಕರೆಯುತ್ತಿದ್ದರು. ಮನೆ ಬದಲಾಯಿಸುವವರ ಸಾಮಾನು ಸಾಗಿಸುವ ಲಾರಿಯಲ್ಲಿ ಆಕೆಗೆ ಕೆಲಸ. ಇಬ್ಬರು ಗಂಡಸರು ಏದುಸಿರು ಬಿಡುತ್ತಾ ಮೆಟ್ಟಿಲ ನಡುವೆ ಕೈಬಿಟ್ಟಿದ್ದ ಕಬ್ಬಿಣದ ಬೀರುವನ್ನು ಅವಳೊಬ್ಬಳೇ ಬೆನ್ನಿಗೆ ಪಟ್ಟಿ ಬಿಗಿದುಕೊಂಡು ಮೇಲಿನ ಮಹಡಿಗೆ ಮುಟ್ಟಿಸಿದ್ದಳು. ಹೆಸರು ಅಂದು ಅಂಟಿದ್ದು, ಮತ್ತೆ ಬಿಡಲಿಲ್ಲ. ದರ್ಜಿಯೋ, ಗಾಳಿ ಜೋರಾಗಿ ಬೀಸಿದರೆ ಬಾಗಿಲು ಹಿಡಿದುಕೊಳ್ಳಬೇಕಾದಂಥ ಆಳು. "ಭಾವ, ಬೀರು ಪಕ್ಕ ನಿಂತ್ಕೋಬೇಡಿ, ಸೂಜಿ ಬಿದ್ರೆ ಸಿಗಲ್ಲ" ಎಂದು ಲಾರಿಯ ಡ್ರೈವರ್ ಚುಡಾಯಿಸುತ್ತಿದ್ದ. ದರ್ಜಿ ನಗುತ್ತಿದ್ದ. ಹೆಂಡತಿಯ ತೋಳಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ.

ಹೊಲಿಗೆ ಯಂತ್ರ ಇದ್ದದ್ದು ಮನೆಯ ಮುಂದಿನ ಕೋಣೆಯಲ್ಲೇ. ಲಾರಿ ಬೆಳಕು ಹರಿಯುವಷ್ಟರಲ್ಲಿ ಬೀದಿಯ ತುದಿಗೆ ಬಂದು ಹಾರ್ನ್ ಹೊಡೆಯುತ್ತಿತ್ತು. ಹೀಗಾಗಿ ಬುತ್ತಿ ಕಟ್ಟುವ ಕೆಲಸ ದರ್ಜಿಯ ಪಾಲಿಗೆ ಬಂತು. ಮೊದಲ ದಿನ ಎರಡು ತುಂಡು ಬ್ರೆಡ್ಡಿನ ನಡುವೆ ಒಂದು ಮೊಟ್ಟೆ ಇಟ್ಟು, ಮದುವೆ ಕುಪ್ಪಸದಷ್ಟು ನಾಜೂಕಾಗಿ ಕಾಗದ ಸುತ್ತಿದ. ಅವರ ಜೊತೆಗೇ ಇದ್ದ ಬೀರಕ್ಕನ ತಾಯಿ ಅದನ್ನು ಕಂಡು ಹಣೆ ಚಚ್ಚಿಕೊಂಡಳು.

"ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಅಳಿಯಂದ್ರೇ, ಇದು ಅವಳ ಹಲ್ಲಿನ ಸಂದಿಗೂ ಸಾಲಲ್ಲ."

ಮರುದಿನ ದೊಡ್ಡ ಡಬ್ಬಿಯ ತುಂಬ ಬೇಳೆ ಸಾರು ತುಂಬಿ ಕಳಿಸಿದ. ಅದು ಯಾರದೋ ಹೊಸ ಹಾಸಿಗೆಯ ಮೇಲೆ ಚೆಲ್ಲಿ, ಬೀರಕ್ಕ ಅರ್ಧ ದಿನ ಆ ಹಾಸಿಗೆ ತಿಕ್ಕುತ್ತಾ ಕೂರಬೇಕಾಯಿತು. ಆಗ ದರ್ಜಿ ಕೂತು ಯೋಚಿಸಿದ. ಇವಳ ಊಟಕ್ಕೆ ಹೊತ್ತಿಲ್ಲ ಗೊತ್ತಿಲ್ಲ. ಒಂದು ದಿನ ಮೆಟ್ಟಿಲ ಮೇಲೆ, ಇನ್ನೊಂದು ದಿನ ಸುತ್ತಿಟ್ಟ ಚಾಪೆಗಳ ನಡುವೆ, ಮತ್ತೊಂದು ದಿನ ಓಡುವ ಲಾರಿಯಲ್ಲಿ. ಕೈ ತೊಳೆಯೋಣವೆಂದರೆ ಖಾಲಿ ಮನೆಯ ನಲ್ಲಿಯಲ್ಲಿ ನೀರಿರುವುದಿಲ್ಲ. ಅಂದರೆ ಬುತ್ತಿ ಸೋರಬಾರದು, ಬೇಗ ಹಳಸಬಾರದು, ಒಂದು ಕೈಯಲ್ಲಿ ತಿನ್ನುವಂತಿರಬೇಕು, ಅರ್ಧ ತಿಂದು ಮುಚ್ಚಿಟ್ಟರೂ ಉಳಿದರ್ಧ ಕೆಡಬಾರದು. ಅವನೂ ಒಲೆ ಮುಂದೆಯೇ ಬೆಳಗು ಕಳೆಯುವಂತಿಲ್ಲ, ಗಿರಾಕಿಗಳು ಕಾಯುತ್ತಿರುತ್ತಾರೆ. ಹಾಗಾಗಿ ಸಂಜೆಯೇ ಒಂದು ಪಾತ್ರೆ ಆಲೂಗಡ್ಡೆ, ಒಂದು ಪಾತ್ರೆ ಕಾಳು ಬೇಯಿಸಿಡುತ್ತಿದ್ದ. ಆಲೂಗಡ್ಡೆ ಒಂದು ದಿನ ಮೆಣಸಿನ ಪುಡಿಯ ಜೊತೆ ಬ್ರೆಡ್ಡಿನೊಳಗೆ ಸೇರಿದರೆ, ಮರುದಿನ ಮೊಟ್ಟೆಯ ಜೊತೆ ಬಿಲ್ಲೆಯಾಗುತ್ತಿತ್ತು. ಕಾಳು ಒಮ್ಮೆ ನಿಂಬೆ ಹಿಂಡಿಸಿಕೊಂಡು ಹೋದರೆ, ಇನ್ನೊಮ್ಮೆ ಬೆಳ್ಳುಳ್ಳಿ ಒಗ್ಗರಿಸಿಕೊಂಡು ಅನ್ನದ ಉಂಡೆಯೊಳಗೆ ಅಡಗುತ್ತಿತ್ತು. "ಬಟ್ಟೆ ಅದೇ, ಹೊಲಿಗೆ ಬೇರೆ" ಎನ್ನುತ್ತಿದ್ದ.

ಸಂಜೆ ಬಂದ ಬೀರಕ್ಕ ಡಬ್ಬಿಯನ್ನು ಬಚ್ಚಲಿಗೆ ಹಾಕುತ್ತಾ ತೀರ್ಪು ಹೇಳುತ್ತಿದ್ದಳು. "ಮೆಣಸು ಜಾಸ್ತಿಯಾಯ್ತು." "ಬೆಳ್ಳುಳ್ಳಿ ಸೀದಿತ್ತು." "ಇವತ್ತಿನದಕ್ಕೆ ಡ್ರೈವರ್ ಕೂಡ ಕೈ ಹಾಕ್ದ." ಅವಳ ಕೋಪ ಮೂಗಿನ ತುದಿಯಲ್ಲಿದ್ದರೆ ರುಚಿ ನಾಲಿಗೆಯ ತುದಿಯಲ್ಲಿ. ಯಾವುದನ್ನೂ ಬಚ್ಚಿಡುವವಳಲ್ಲ.

ಹೀಗಿರುವಾಗ ಒಂದು ಸಲ ಅವಳಿಗೆ ಕೆಟ್ಟ ಜ್ವರ ಬಂತು. ಎದ್ದು ಮತ್ತೆ ಲಾರಿ ಹತ್ತಿದ ಮೇಲೆ ಅವಳ ತೀರ್ಪು ಒಂದೇ ಮಾತಿಗೆ ಇಳಿಯಿತು: "ಚೆನ್ನಾಗಿತ್ತು." ಏನು ಕಟ್ಟಿದರೂ ಚೆನ್ನಾಗಿತ್ತು. ಕೊನೆಗೂ ತನ್ನ ಕೈ ಪಳಗಿತು ಎಂದು ದರ್ಜಿ ಬೀಗಿದ.

ಒಂದು ಮಧ್ಯಾಹ್ನ ಡ್ರೈವರ್ ಹರಿದ ಜೇಬು ಹೊಲಿಸಲು ಬಂದ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ಕೊನೆಗೆ ತಲೆ ಕೆರೆದುಕೊಂಡ.

"ಭಾವ, ಬೇಜಾರು ಮಾಡ್ಕೋಬೇಡಿ. ಮೊನ್ನೆ ಅಕ್ಕ ಡಬ್ಬಿ ತೆಗೆದ್ರೆ ಲಾರಿ ತುಂಬಾ ಹಳಸಿದ ವಾಸನೆ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕ್ದೆ. ಅವರು ಮಾತ್ರ ಆರಾಮಾಗಿ ತಿಂತಿದ್ರು. ಬಲವಂತ ಮಾಡಿ ಕಿತ್ತು ಎಸೆದೆ."

ಅಂದು ಸಂಜೆ ಅವಳು ಬಂದು ಕೂರುವ ಮೊದಲೇ ದರ್ಜಿ ಕೇಳಿದ: "ಇವತ್ತು ಅನ್ನಕ್ಕೆ ಏನು ಹಾಕಿದ್ದೆ, ಹೇಳು ನೋಡೋಣ."

"ಏನು... ಜೀರಿಗೆ ತಾನೇ?"

"ಬೆಳ್ಳುಳ್ಳಿ. ಆಚೆ ಬೀದಿಯವರೂ ಬಂದು ಕೇಳಿದ್ರು, ಅಷ್ಟು ಘಮ ಅಂತಿತ್ತು."

ಬೀರಕ್ಕ ಬೂಟಿನ ದಾರ ಬಿಚ್ಚಿದಳು. ಆಮೇಲೆ ಸಣ್ಣಗೆ ನಕ್ಕಳು. "ಜ್ವರ ಹೋಗ್ವಾಗ ಮೂಗನ್ನೂ ಕರ್ಕೊಂಡು ಹೋಯ್ತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತಾರಲ್ಲ, ಆ ಕತ್ತೆ ನಾನೇ ಈಗ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮಾಡೋದು ಬಿಟ್ಟುಬಿಟ್ರೆ? ತಿನ್ನೋವಾಗ ಏನೂ ಗೊತ್ತಾಗಲ್ಲ, ಅರ್ಧ ನಾಯಿಗೇ ಹಾಕ್ತೀನಿ, ನಿಜ. ಆದ್ರೂ ಇವತ್ತು ಏನು ಕಟ್ಟಿದಾನೋ ಅಂತ ಮುಚ್ಚಳ ತೆಗೆಯೋದು ಇದೆಯಲ್ಲ, ಅದು ಬೇಕಿತ್ತು ನಂಗೆ."

ದರ್ಜಿ ಎದ್ದು ಮುಂದಿನ ಕೋಣೆಗೆ ಹೋದ. ಅಲ್ಲಿ ಅವಳ ಕೆಲಸದ ಪ್ಯಾಂಟು ನೇತಾಡುತ್ತಿತ್ತು. ಜ್ವರದ ನಂತರ ಅದರ ಸೊಂಟವನ್ನು ತಾನೇ ಎರಡು ಸಲ ಒಳಗೆ ಹಿಡಿದು ಬಿಗಿ ಮಾಡಿದ್ದ. ದುಡಿದು ಇಳಿದಿದ್ದಾಳೆ ಎಂದುಕೊಂಡಿದ್ದನೇ ಹೊರತು, ಡಬ್ಬಿಯ ಅರ್ಧ ಊಟ ಯಾವುದೋ ನಾಯಿಯ ಪಾಲಾಗುತ್ತಿದೆ ಎಂಬ ಗುಮಾನಿಯೂ ಬಂದಿರಲಿಲ್ಲ. ಊರವರ ಮೈಯಳತೆಯೆಲ್ಲ ಬಾಯಿಪಾಠ, ಕಟ್ಟಿಕೊಂಡವಳದೇ ಗೊತ್ತಾಗಲಿಲ್ಲ. ಅವನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಡಾಕ್ಟರು ಮೂಗಿಗೆ ದೀಪ ಹಿಡಿದು ನೋಡಿದರು. ಉಪ್ಪು, ಹುಳಿ, ಸಿಹಿ, ಕಹಿ ನಾಲಿಗೆಗೆ ಗೊತ್ತಾಗುತ್ತದೆ, ಘಮ ಮಾತ್ರ ಇಲ್ಲ, ಬಂದರೆ ತಾನಾಗಿಯೇ ಬರಬೇಕು ಎಂದರು. ದರ್ಜಿಯ ಉತ್ಸಾಹವೇ ಉಡುಗಿತು. ಮರುದಿನ ಬರೀ ಅನ್ನ, ಅದರ ಮೇಲೊಂದಿಷ್ಟು ಬೆಂದ ಕಾಳು ಹಾಕಿ ಮುಚ್ಚಿಕೊಟ್ಟ. ಅದರ ಮರುದಿನವೂ ಅದೇ.

"ಇವತ್ತು ಹತ್ತಿ ತಿಂದ ಹಾಗಾಯ್ತು" ಎಂದಳು ಬೀರಕ್ಕ, ಡಬ್ಬಿ ಕುಕ್ಕಿ.

"ನಿಂಗೇನು ಗೊತ್ತಾಗುತ್ತೆ?"

"ಯಾಕೆ ಗೊತ್ತಾಗಲ್ಲ? ಮೆತ್ತಗೆ, ಮೆತ್ತಗೆ, ಮತ್ತೂ ಮೆತ್ತಗೆ! ಮೂಗು ಸತ್ತಿದ್ರೆ ಹಲ್ಲೂ ಸತ್ತಿದೆಯಾ? ಅದಕ್ಕಾದ್ರೂ ಒಂದು ಕೆಲಸ ಕೊಡು ಮಾರಾಯ!"

ದರ್ಜಿ ಬೆರಗಾಗಿ ಅವಳ ಮುಖ ನೋಡಿದ. ತಾನು ಕಣ್ಣು ಮುಚ್ಚಿ ಬೆರಳಾಡಿಸಿದರೆ ಸಾಕು, ಹತ್ತಿ ಯಾವುದು, ಉಣ್ಣೆ ಯಾವುದು ಹೇಳಬಲ್ಲ. ಹಲ್ಲಿಗೂ ಹಾಗೇ ಅಲ್ಲವೇ? ಅವತ್ತೇ ಸಂತೆಗೆ ಹೋಗಿ ಸೌತೆಕಾಯಿ, ಸೇಬು, ಶುಂಠಿ, ಹಸಿ ಕಡಲೆಬೀಜ ಹೊತ್ತು ತಂದ.

ಅಲ್ಲಿಂದ ಬುತ್ತಿಯ ಧಾಟಿಯೇ ಬದಲಾಯಿತು. ಹುರಿದ ಕಡಲೆಬೀಜ ಅನ್ನದ ಹಬೆಗೆ ಮೆತ್ತಗಾಗದಂತೆ ಬೇರೆ ಪೊಟ್ಟಣದಲ್ಲಿ ಹೋಗುತ್ತಿತ್ತು, ತಿನ್ನುವಾಗ ಸುರಿದುಕೊಳ್ಳಬೇಕು. ಗರಿಗರಿ ಬ್ರೆಡ್ಡಿನೊಳಗೆ ತಣ್ಣನೆ ಸೌತೆಕಾಯಿ. ಉಪ್ಪು ಸವರಿದ ನಿಂಬೆಯ ಚೂರು. ಗಂಟಲಿಗೆ ಚುರ್ ಎನಿಸುವ ಶುಂಠಿ. ಕೆಲವು ಕೆಟ್ಟೇ ಹೋದವು. ಸೇಬು ಕಪ್ಪಾಯಿತು, ಶುಂಠಿ ಹೆಚ್ಚಾಗಿ ಒಮ್ಮೆ ಅವಳಿಗೆ ಮೆಟ್ಟಿಲ ಮೇಲೇ ಬಿಕ್ಕಳಿಕೆ ಹತ್ತಿತು. ಆದರೆ ತೀರ್ಪು ಹೇಳುವುದು ಮತ್ತೆ ಶುರುವಾಯಿತು. "ಇವತ್ತು ಕುರುಂ ಕುರುಂ ಸದ್ದಲ್ಲಿ ನಂಗೆ ಡ್ರೈವರ್ ಮಾತೇ ಕೇಳಿಸ್ಲಿಲ್ಲ. ಒಳ್ಳೇದೇ ಆಯ್ತು." ಪ್ಯಾಂಟಿನ ಸೊಂಟದ ಹೊಲಿಗೆಯನ್ನು ದರ್ಜಿ ಸಂತೋಷದಿಂದ ಬಿಚ್ಚಿ ಸಡಿಲ ಮಾಡಿದ.

ಎಷ್ಟೋ ಕಾಲದ ಮೇಲೆ ಒಂದು ಹಗಲು ಪಕ್ಕದ ಅಂಗಡಿಯ ಫೋನಿಗೆ ಕರೆ ಬಂತು. ಕೆಲಸದ ಹೊತ್ತಿನಲ್ಲಿ ಹೆಂಡತಿ ಎಂದೂ ಫೋನು ಮಾಡಿದವಳಲ್ಲ. ದರ್ಜಿ ಅಳತೆಪಟ್ಟಿ ಕತ್ತಿನಲ್ಲಿ ಹಾಕಿಕೊಂಡೇ ಓಡಿದ.

"ಇಲಿ ಸತ್ತಿದೆ ಕಣೋ!" ಬೀರಕ್ಕನ ದನಿ ಕುಣಿಯುತ್ತಿತ್ತು.

"ಏನಂದೆ?"

"ಕಪಾಟು ಸರಿಸಿದ್ವಿ, ಹಿಂದೆ ಇಲಿ ಸತ್ತು ಬಿದ್ದಿತ್ತು. ಎಲ್ಲಾ ಮೂಗು ಮುಚ್ಕೊಂಡು ಓಡಿಹೋದ್ರು. ನಂಗೆ ವಾಸನೆ ಬಂತು! ಸ್ವಲ್ಪಾನೇ, ಆದ್ರೂ ಬಂತು! ಬಗ್ಗಿ ಇನ್ನೊಂದ್ಸಲ ಮೂಸಿ ನೋಡ್ದೆ!"

"ಕೈ ತೊಳ್ಕೊಂಡು ಊಟ ಮಾಡು" ಎಂದ ದರ್ಜಿ. ಫೋನಿಟ್ಟು ಬಂದವನು ಯಂತ್ರ ಬಿಟ್ಟು ಬೆಳ್ಳುಳ್ಳಿ ಸುಲಿಯಲು ಕೂತ.

ಮೂಗು ಪೂರ್ತಿ ಮರಳಲಿಲ್ಲ. ನಿಂಬೆ ಬಂತು, ಸೋಪು ಬಂತು, ಮಳೆಯಲ್ಲಿ ನೆಂದ ಬಟ್ಟೆಯ ಮುಗ್ಗಲೂ ಬಂತು. ಈರುಳ್ಳಿ ಮಾತ್ರ ಅವಳಿಗೆ ಸೀಮೆಎಣ್ಣೆಯಂತೆ ನಾರುತ್ತದೆ. ದರ್ಜಿ ಮನೆಗೆ ಈರುಳ್ಳಿ ತರುವುದನ್ನೇ ಬಿಟ್ಟಿದ್ದಾನೆ. ಅತ್ತೆಗೆ ಅದಿಲ್ಲದೆ ತುತ್ತು ಇಳಿಯುವುದಿಲ್ಲ, ಪಕ್ಕದ ಮನೆಗೆ ಹೋಗಿ ತಿಂದು, ಬಾಯಿ ಮುಕ್ಕಳಿಸಿ, ಏನೂ ಅರಿಯದವಳಂತೆ ಬರುತ್ತಾಳೆ.

"ಅಮ್ಮಾ," ಎನ್ನುತ್ತಾಳೆ ಬೀರಕ್ಕ ಬಾಗಿಲಲ್ಲೇ ತಡೆದು, "ಎಲ್ಲಿ, ಬಾಯಿ ತೆಗಿ ನೋಡೋಣ."