ಅವ್ವನ ನಡಿಗೆ ನಿಲ್ಲಿಸಿದ್ದು ನಾನೇ

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಅವ್ವ ಗುಂಡ್ಲುಪೇಟೆ ಕಡೆಯ ಅರಿಶಿನದ ಹೊಲಗಳಿಗೆ ನಡೆದು ಹೋಗಿ, ಕೂಲಿ ಮಾಡಿ ಓದಿಸಿದಳು. ಚಾಮರಾಜನಗರದಲ್ಲಿ ಕೆಲಸ ಸಿಕ್ಕಿದ ಮೇಲೆ ಅವಳನ್ನು ಕರೆತಂದು ಟಿ.ವಿ. ಮುಂದೆ ಕೂರಿಸಿದೆ. ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಹೊರಟರೆ ತಡೆಯುತ್ತಿದ್ದೆ. ಆಫೀಸಿನವರು ಕಂಡರೆ ಕೂಲಿಯವಳು ಎಂದುಕೊಂಡಾರು ಎಂಬ ಅಳುಕು ನನಗೆ.

ಮೂರು ವರ್ಷದಲ್ಲಿ ಅವಳಿಗೆ ಮರೆವು ಹೆಚ್ಚಿತು. ಒಲೆ ಆರಿಸುವುದನ್ನು, ಕೊನೆಗೆ ಮೊಮ್ಮಗಳ ಹೆಸರನ್ನೂ ಮರೆತಳು. ಡಾಕ್ಟರ ಹತ್ತಿರ ಹೋದೆವು.

"ವಾರಕ್ಕೆ ಎಷ್ಟು ದಿನ ನಡೀತಾರೆ?" ಎಂದು ಕೇಳಿದರು.

"ಒಂದು ದಿನವೂ ಇಲ್ಲ ಸಾರ್. ಕೂತಲ್ಲಿಗೇ ಎಲ್ಲ ತಂದುಕೊಡ್ತೀವಿ," ಎಂದೆ, ಹೆಮ್ಮೆಯಿಂದಲೇ.

ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಮರೆವಿಗೆ ಕಾರಣ ಹಲವು ಇರ್ತವೆ. ಆದ್ರೆ ಮೈ ಆಡಿದ್ರೆ ಮಿದುಳಿಗೂ ಒಳ್ಳೇದು. ದಿನಾ ಆಗದಿದ್ರೆ ಶನಿವಾರ, ಭಾನುವಾರವಾದ್ರೂ ನಡೆಸಿ."

ಪಕ್ಕದಲ್ಲಿದ್ದ ಅವ್ವ ಬಾಯಿ ಹಾಕಿದಳು. "ಇವ್ನು ಬುಡಾಕಿಲ್ಲ ಕಣಪ್ಪ. ನಾನು ಬೀದಿಗ್ ಬಂದ್ರೆ ಇವ್ನ ಡಿಗ್ರಿ ಮುಕ್ಕಾಯ್ತದೆ."

ಡಾಕ್ಟರು ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ. ಎಷ್ಟೋ ಮರೆತವಳು ಇದನ್ನು ಮಾತ್ರ ಮರೆತಿರಲಿಲ್ಲ.

ಆ ಶನಿವಾರ ಅವಳ ಜೊತೆ ಬೀದಿಗಿಳಿದೆ. "ಬಿರ್ರನೆ ನಡೀಲಾ, ಬಿಸ್ಲೇರ್ತದೆ," ಎಂದು ನನಗಿಂತ ಮುಂದೆ ಹೊರಟಳು. ಎರಡನೇ ತಿರುವಿನಲ್ಲಿ ನಿಂತು, ಮನೆ ಯಾವ ಕಡೆ ಎಂದು ಕೇಳಿದಳು.

ದಾರಿಯನ್ನು ಅವಳು ಮರೆತಿದ್ದಳೋ, ನಾನೇ ಕಲಿಯಲು ಬಿಟ್ಟಿರಲಿಲ್ಲವೋ, ಹೇಳಲಾರೆ. ನಾಚಿಕೆಯಿಂದ ಅವಳ ಕೈ ಹಿಡಿದೆ.