ಉಪ್ಪು ಕುಡಿದ ಪಡುಗೋಡೆ

ಪುಟ್ಟಾ, ತಂಗೀ, ಧಾರೇಶ್ವರದ ನಮ್ಮ ಮನೆಯ ಪಡುಗೋಡೆಯನ್ನು ನಾನೊಮ್ಮೆ ನೆಕ್ಕಿದ್ದೆ ಎಂದು ನಿಮ್ಮಪ್ಪ ಹೇಳಿ ನಗಿಸುತ್ತಾನಲ್ಲ, ಅದು ನಿಜ. ಯಾಕೆ ನೆಕ್ಕಿದೆ ಎಂಬುದು ಅವನಿಗೂ ಪೂರ್ತಿ ಗೊತ್ತಿಲ್ಲ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಅರವತ್ತನೇ ಇಸವಿಯ ಆಚೀಚೆ ಇರಬೇಕು. ನಿಮ್ಮ ಅಜ್ಜ ದೋಣಿಗೆ ಹೋಗುತ್ತಿದ್ದರು. ಆ ಹಳೆಯ ಚಿರೆಕಲ್ಲಿನ ಮನೆಯನ್ನು ಕೊಂಡು ನಾವು ಬಂದಾಗ, ಕಡಲ ಕಡೆಯ ಕೋಣೆಯ ಗೋಡೆ ಸೊಂಟದೆತ್ತರಕ್ಕೆ ಒದ್ದೆ. ಮಳೆಯ ಎರಚಲು ಹೊಡೆದೇ ಹೀಗೆ ಎಂದುಕೊಂಡು, ಮಳೆಗಾಲ ಮುಗಿದ ಮೇಲೆ ನಿಮ್ಮ ಅಜ್ಜ ಹೊರಗಿನ ಹಳೆಯ ಗಾರೆ ಕೆತ್ತಿಸಿ ಸಿಮೆಂಟು ಬಳಿಸಿದರು. ಊರಿನವರು ಬಂದು ಮುಟ್ಟಿ ನೋಡಿ ಹೋದರು.

ಬೇಸಿಗೆ ಬಂದರೂ ಒಳಗಿನ ಪಸೆ ಆರಲಿಲ್ಲ. ನಾನಾಗ ಚೊಚ್ಚಲ ಬಸುರಿ, ಆಷಾಢದಲ್ಲಿ ಹೆರಿಗೆ. ಬಾಣಂತಿಯನ್ನು ಮಲಗಿಸಲು ಇದ್ದದ್ದು ಅದೊಂದೇ ಕೋಣೆ.

"ಥಂಡಿ ಗೋಡೆ ಪಕ್ಕ ಕೂಸು ಮಲಗಿಸೂದು ಬೇಡ. ನೀ ಭಟ್ಕಳಕ್ಕೇ ಹೋಗು," ಎಂದರು ಅತ್ತೆ.

ಭಟ್ಕಳದ ತವರಿನಲ್ಲಿ ನನ್ನ ಅವ್ವ ಇರಲಿಲ್ಲ. ಅಣ್ಣನ ಹೆಂಡತಿಯ ಮುಖ ನೋಡಿ ಬಿಸಿನೀರು ಕೇಳಬೇಕಿತ್ತು. ನನಗೆ ಇಲ್ಲೇ ಇರುವ ಆಸೆ, ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ.

ಹಾಗಾಗಿ ಗೋಡೆಯನ್ನೇ ನೋಡತೊಡಗಿದೆ. ಘಟ್ಟದ ಕಡೆಯಿಂದ ಒಣಗಾಳಿ ಬೀಸಿದ ದಿನ ಅದು ಬೆಳ್ಳಗೆ ಆರುತ್ತಿತ್ತು. ಕಡಲ ಗಾಳಿ ತಿರುಗಿದರೆ ಬೆವರುತ್ತಿತ್ತು. ಮಳೆಯೇ ಇಲ್ಲದೆ ನೀರು ಎಲ್ಲಿಂದ? ಅಡುಗೆಮನೆಯ ಉಪ್ಪಿನ ಮರಿಗೆಯೂ ಅದೇ ದಿನಗಳಲ್ಲಿ ನೀರೊಡೆಯುತ್ತದೆ ಎಂಬುದು ಹೊಳೆಯಿತು. ಆಚೀಚೆ ನೋಡಿ ಗೋಡೆಗೆ ನಾಲಿಗೆ ತಾಗಿಸಿದೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು!

"ಎಂತದೇ ಇದು? ಬಸುರಿಯರು ಮಣ್ಣು ತಿಂಬೂದು ಕಂಡಿದ್ದೆ, ಗೋಡೆ ನೆಕ್ಕೂದು ಇದೇ ಮೊದ್ಲು. ಏ ತಮಾ, ಬಾರೋ, ನಿನ್ನ ಹೆಂಡ್ತಿ ಮನೆಯನ್ನೇ ತಿಂತಾಳೆ!"

"ತಿನ್ಲಿ ಬಿಡು ಅವ್ವಾ, ನನ್ನ ಸಿಮೆಂಟು ಉಳಿಸಿದ್ರೆ ಸಾಕು," ಎಂದರು ಅಂಗಳದಲ್ಲಿ ಬಲೆ ಸರಿಮಾಡುತ್ತಿದ್ದ ನಿಮ್ಮ ಅಜ್ಜ.

ತಲೆ ತಗ್ಗಿಸಿಕೊಂಡೇ, "ಗೋಡೆ ಉಪ್ಪು ಅತ್ತೆ," ಎಂದೆ.

ಅತ್ತೆ ಉಗುರಿನಿಂದ ಕೆರೆದು ಬಾಯಿಗಿಟ್ಟರು. "ಹೌದೇ ಮಾರಾಯ್ತಿ! ಈ ಮನೆ ಮಾರಿದ ಹಿಂದಿನವ್ರು ಉಪ್ಪುಮೀನು ರಾಶಿ ಹಾಕೂದು ಈ ಕೋಣೆಯಾಗೇ ಆಗಿತ್ತು."

ವರ್ಷಗಟ್ಟಲೆ ಉಪ್ಪುನೀರು ಕುಡಿದು ಕುಳಿತ ಗೋಡೆಗೆ ನಾವು ಸಿಮೆಂಟು ಹೊದಿಸಿ, ಅದು ಆರುವ ದಾರಿಯನ್ನೂ ಮುಚ್ಚಿದ್ದೆವು.

ಉಪ್ಪುಮೀನಾದರೆ ಸಾರಿಗೆ ಹಾಕುವ ಮೊದಲು ನೀರಲ್ಲಿ ನೆನೆಸಿ ಉಪ್ಪು ಬಿಡಿಸುತ್ತೇವೆ. ಗೋಡೆಯನ್ನು ನೆನೆಸುವುದು ಹೇಗೆ? ಅತ್ತೆಯೇ ಉಪಾಯ ತೆಗೆದರು. ಸಿಮೆಂಟು ಕೆತ್ತಿಸಿ, ಗದ್ದೆಯ ಜೇಡಿಮಣ್ಣನ್ನು ನೀರಾಗಿ ಕಲಸಿ ಒಳಗೂ ಹೊರಗೂ ದಪ್ಪಗೆ ಮೆತ್ತಿದೆವು. ಒಣಗಿದಾಗ ಮಣ್ಣಿನ ಮೈಮೇಲೆ ಬಿಳಿ ಉಪ್ಪು ಎದ್ದಿತ್ತು! ಕೆರೆದು ಚೆಲ್ಲಿ ಮತ್ತೆ ಮೆತ್ತಿದೆವು. ಪ್ರತಿ ಸಲವೂ ಅತ್ತೆ ರುಚಿ ನೋಡಿ, "ಇನ್ನೂ ಒಂದು ಸಾರಿಗಾಗೂವಷ್ಟಿದೆ," ಎನ್ನುವರು. ಕೊನೆಗೆ ಗೋಡೆ ಸಪ್ಪೆಯಾಯಿತು. ತದಡಿಯ ಕಡೆಯಿಂದ ಚಿಪ್ಪಿನ ಸುಣ್ಣ ತರಿಸಿ, ಹೊಳೆಯ ಮರಳು ಸೇರಿಸಿ ನಿಮ್ಮ ಅಜ್ಜ ಗಾರೆ ಮಾಡಿಸಿದರು.

ಮಳೆ ಹಿಡಿಯಿತು. ನನ್ನ ಟ್ರಂಕು ಕಟ್ಟಿಟ್ಟೇ ಇತ್ತು. ಅತ್ತೆ ಗೋಡೆಗೆ ಕೆನ್ನೆ ಒತ್ತಿ ನಿಂತರು.

"ಬುಡದಾಗೆ ಚೂರು ಪಸೆ ಇದೆ. ಅಡ್ಡಿಲ್ಲ, ಮಂಚ ಇತ್ಲಾಗೆ ಎಳೆದ್ರೆ ಆತು. ಇಲ್ಲೇ ಇರು."

ನಿಮ್ಮಪ್ಪ ಹುಟ್ಟಿದ್ದು ಆ ಕೋಣೆಯಲ್ಲಿ.

ಬುಡದ ಪಸೆ ಈಗಲೂ ಇದೆ. ಅಷ್ಟು ಉಪ್ಪು ಕಲ್ಲಿನೊಳಗೆ ಎಲ್ಲಿ ಅಡಗಿತ್ತೋ, ನನಗೆ ಇಂದಿಗೂ ಸೋಜಿಗ. ಈ ಹಾಳೆಗಳನ್ನು ಜೋಪಾನ ಮಾಡಿ ಮಕ್ಕಳೇ. ಆ ಗೋಡೆಯ ಹತ್ತಿರ ಮಾತ್ರ ಇಡಬೇಡಿ.