ಎದುರುಮನೆ ಮಾವನ ದಮ್ಮು

ಮೊನ್ನೆ ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಪಕ್ಕದವರು ಯಾರೋ ಬೀಡಿ ಹಚ್ಚಿದರು. ನನಗೆ ಆ ವಾಸನೆ ಆಗಿಬರುವುದಿಲ್ಲ, ಗೊಣಗಿಕೊಂಡು ದೂರ ಸರಿಯುವವನು. ಅವತ್ತು ಮಾತ್ರ ಬಸ್ಸು ಬಂದರೂ ಅಲ್ಲೇ ನಿಂತಿದ್ದೆ...

ಚಿತ್ರದುರ್ಗದಲ್ಲಿ ನಮ್ಮ ಎದುರುಮನೆಯ ಮಾವನ ಹತ್ತಿರ ಸದಾ ಇದೇ ವಾಸನೆ. ನೆಂಟಸ್ತಿಕೆಯಿಂದ ಮಾವನಲ್ಲ, ಬೀದಿಗೆಲ್ಲ ಮಾವ. ಪ್ರಾಯದಲ್ಲಿ ಕಬಡ್ಡಿಯಲ್ಲಿ ಎತ್ತಿದ ಕೈ. ದಿನಾ ಬೆಳಿಗ್ಗೆ ಇಬ್ಬರೂ ಚಂದ್ರವಳ್ಳಿ ಕಡೆ ನಡೆಯುತ್ತಿದ್ದೆವು. ಹೊರಡುವ ಮುಂಚೆ ಅವರಿಗೊಂದು ಬೀಡಿ ಬೇಕೇಬೇಕು. ನಾನು ರೇಗಿದರೆ, "ದಮ್ಮು ಹೊಡದ್ರೆ ತಾನೇ ಕಣಪ್ಪ ದಮ್ಮು ಬರಾದು?" ಎನ್ನುತ್ತಿದ್ದರು. ನಮ್ಮಲ್ಲಿ ಬೀಡಿ ಎಳೆಯುವುದೂ ದಮ್ಮು, ಉಸಿರು ಹಿಡಿಯುವ ಕಸುವೂ ದಮ್ಮು. ಮಾವ ಎರಡೂ ಒಂದೇ ಅಂತ ನಂಬಿಬಿಟ್ಟಿದ್ದರು.

ಬರುಬರುತ್ತಾ ಏರು ಸಿಕ್ಕಲ್ಲೆಲ್ಲ ಅವರಿಗೆ ನಿಂತು ಬಂಡೆ ನೋಡುವ ಆಸೆ. ನೋಡುವಾಗ ಎದೆ ತಿದಿಯ ಹಾಗೆ ಆಡುತ್ತಿತ್ತು. ಹೊಗೆ ರಕ್ತದಲ್ಲಿ ಆಮ್ಲಜನಕದ ಜಾಗ ಕಿತ್ತುಕೊಳ್ಳುತ್ತದೆ, ಅದೇ ಏರಿಗೆ ಹೃದಯ ಇನ್ನಷ್ಟು ಬಡಿದುಕೊಂಡರೂ ಕಾಲಿಗೆ ಸಾಲದು ಎಂದು ನಾನು ಕರೆದೊಯ್ದು ತೋರಿಸಿದ ಡಾಕ್ಟರು ಬಿಡಿಸಿ ಹೇಳಿದರು. ಮಾವ ನಕ್ಕುಬಿಟ್ಟರು.

ಆಮೇಲೆ ಹೊಸದುರ್ಗದಲ್ಲಿ ಹಳೇ ಆಟಗಾರರಿಗೆಂದು ಕಬಡ್ಡಿ ಇಟ್ಟರು. ಸಾಯುವುದರೊಳಗೆ ಇನ್ನೊಂದು ಸಲ ಎದುರಾಳಿಯನ್ನು ಮುಟ್ಟಿ ವಾಪಸ್ ಬರಬೇಕು ಎಂಬ ಹಠಕ್ಕೆ ಬಿದ್ದು ಮಾವ ಬೀಡಿ ಬಿಟ್ಟೇಬಿಟ್ಟರು. ಕೆಲವೇ ವಾರಗಳಲ್ಲಿ ಏರಿನಲ್ಲಿ ನಿಲ್ಲದೆ, ಹರಟುತ್ತಲೇ ಹತ್ತತೊಡಗಿದರು. ಮಾವ ಅಷ್ಟು ಖುಷಿಯಾಗಿದ್ದುದನ್ನು ನಾನು ಮತ್ತೆಂದೂ ನೋಡಲಿಲ್ಲ.

ಆಟದ ದಿನ ಹಳೇ ಗೆಳೆಯರು ಮುತ್ತಿಕೊಂಡರು. ಒಬ್ಬರು, "ಒಂದು ದಮ್ಮು ಹೊಡ್ದು ಹೋಗ್ರಿ, ದಮ್ಮು ಬರ್ತೈತೆ" ಎಂದು ಬೀಡಿ ಹಚ್ಚಿ ಕೊಟ್ಟರು. ಪ್ರೀತಿಯಿಂದಲೇ ಕೊಟ್ಟದ್ದು. ಮಾವ ನನ್ನ ಕಡೆ ನೋಡದೆ ಎಳೆದರು.

ಕಬಡ್ಡಿ, ಕಬಡ್ಡಿ ಎನ್ನುತ್ತಾ ನುಗ್ಗಿ ಒಬ್ಬನನ್ನು ಮುಟ್ಟಿಯೂ ಮುಟ್ಟಿದರು. ತಿರುಗುವಾಗ ಕೆಮ್ಮು ಬಂತು. ಉಸಿರು ತುಂಡಾಯಿತು. ನಡುಗೆರೆ ಕೈಗೆಟಕುವಷ್ಟು ಹತ್ತಿರ... ಅಂಪೈರು ಸೀಟಿ ಊದಿದರು.

"ಯಾರೂ ನನ್ನ ಹಿಡೀಲಿಲ್ವಲ್ಲಪ್ಪ..." ಬಸ್ಸಿನಲ್ಲಿ ಬರುವಾಗ ಅಂದದ್ದು ಅಷ್ಟೇ.

ಮರುದಿನದಿಂದ ಕರೆಯಲು ಹೋದರೆ ಬಾಗಿಲಲ್ಲೇ, "ನೀನು ಹೋಗ್ಬಾರಪ್ಪ" ಎನ್ನುತ್ತಿದ್ದರು. ಬೀಡಿ ಮತ್ತೆ ಅಂಟಿಕೊಂಡಿತ್ತು. ಆ ಚಳಿಗಾಲ ಅವರು ದಾಟಲಿಲ್ಲ.

ಈಗ ಒಬ್ಬನೇ ಹೋಗುತ್ತೇನೆ. ಜೊತೆಗೆ ಬೇರೆ ಯಾರಾದರೂ ಸಿಕ್ಕಾರು ಅನ್ನುತ್ತಾರೆ ಮನೆಯಲ್ಲಿ. ಸಿಕ್ಕಬಹುದು. ಏರು ಹತ್ತುವಾಗ ನನಗೆ ಮಾತಾಡಲು ಉಸಿರು ಬೇಕಾದಷ್ಟಿದೆ. ಮಾವ ಇಲ್ಲ.